ಹಗೇವಿನ ಚಿತ್ರಕ್ಕೆ ಯಾರ ಅಪ್ಪಣೆ

ಹಗೇವಿನ ಬಾಯಿಯ ಬಂಡೆ ಸರಿಸಿದ ಕೂಡಲೇ ಒಂದು ವಾಸನೆ ಬರುತ್ತಿತ್ತು. ಹಳೆಯ ಜೋಳ, ಒಣಹುಲ್ಲು, ತೇವದ ಮಣ್ಣು, ಎಲ್ಲದರ ಅಡಿಯಲ್ಲಿ ಒಂದು ಸಣ್ಣ ಹುಳಿ. ಈಗ ನಮ್ಮ ಕಡೆ ಹಗೇವುಗಳೇ ಇಲ್ಲ. ಕೊಟ್ಟೂರು, ಹರಪನಹಳ್ಳಿಯ ಸುತ್ತ ಹೊಲಕ್ಕೆಲ್ಲ ಮೆಕ್ಕೆಜೋಳ ಬಂದಿದೆ. ಅದು ಕಣದಿಂದ ಚೀಲಕ್ಕೆ, ಚೀಲದಿಂದ ಲಾರಿಗೆ. ಮನೆಯ ಮುಂದಿನ ಹಗೇವುಗಳಿಗೆ ಕಲ್ಲುಮಣ್ಣು ತುಂಬಿ ಮೇಲೆ ಸಿಮೆಂಟು ಬಳಿದಿದ್ದಾರೆ. ಆ ವಾಸನೆಗೆ ನಾನು ಇವತ್ತಿಗೂ ಹಂಬಲಿಸುತ್ತೇನೆ. ಆದರೆ ಯಾವುದಾದರೂ ಹಳೆಯ ಉಗ್ರಾಣದಲ್ಲಿ ಅದರ ಒಂದೆಳೆ ಮೂಗಿಗೆ ಬಡಿದರೆ ಸಾಕು, ಮನಸ್ಸು ತಾನಾಗಿ ಎಣಿಸಲು ತೊಡಗುತ್ತದೆ. ಒಂದು, ಎರಡು, ಮೂರು. ಐವತ್ತಕ್ಕೆ ನಿಲ್ಲಬೇಕು. ನಿಲ್ಲುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕೊಟ್ಟೂರಿನಲ್ಲಿ ಮನೆ ಮಾಡಿಕೊಂಡು, ಆ ಭಾಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಹಗೇವು ನೋಡದವರಿಗಾಗಿ ಹೇಳುತ್ತೇನೆ: ಅದು ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಆಕಾರ ಗಡಿಗೆಯದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಒಂದು ಕೋಣೆಯಷ್ಟು. ಸುಗ್ಗಿಯಲ್ಲಿ ತುಂಬಿ, ಮೇಲೆ ಬಂಡೆ ಮುಚ್ಚಿ, ಮಣ್ಣು ಮೆತ್ತಿದರೆ ಮಳೆಗಾಲದವರೆಗೆ ಕಾಳು ಕೆಡದು. ಆದರೆ ಕಾಳೂ ಉಸಿರಾಡುತ್ತದೆ. ಒಳಗಿನ ಗಾಳಿಯಲ್ಲಿ ಇರುವ ಪ್ರಾಣವಾಯುವನ್ನು ಅದು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬಂಡೆ ತೆಗೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಇದು ಊರಿಗೆಲ್ಲ ಗೊತ್ತು. ಅದಕ್ಕೇ ಹಗೇವು ತೆಗೆಯುವ ದಿನ ಪೂಜೆ ಮಾಡಿ, ಕಾಯಿ ಒಡೆದು, ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಡುತ್ತಿದ್ದರು. ದೀಪ ಉಳಿದರೆ ಆಳು ಇಳಿಯುತ್ತಿದ್ದ.

ನನ್ನನ್ನು ಈ ಕೆಲಸಕ್ಕೆ ಎಳೆದವರು ಕಾನಹೊಸಹಳ್ಳಿ ಕಡೆಯ ಒಬ್ಬ ಹಿರಿಯರು. ಹಗೇವು ತೋಡುವುದು, ತುಂಬುವುದು, ಇಳಿದು ತೆಗೆಯುವುದು ಅವರ ಮನೆತನದ ಕೆಲಸ. ಎಲ್ಲರೂ ಹಗೇವಿನ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಒಳಗಿನ ಆ ಗಾಳಿಯನ್ನು ಅವರು ‘ಕಾವು’ ಎನ್ನುತ್ತಿದ್ದರು. ಮೊದಲ ಭೇಟಿಯಲ್ಲೇ ಬೇವಿನ ಮರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಒಂದು ಬೇವಿನ ಕಡ್ಡಿಯಿಂದ ನೆಲದ ಮೇಲೆ ನಾಲ್ಕು ಗಡಿಗೆಗಳನ್ನು ಬರೆದರು.

“ನೋಡ್ರಿ ಮೇಡಮ್ಮಾರ. ಇದು ತುಂಬಿದ್ದು. ಇದು ಸ್ವಲ್ಪ ತೆಗೆದದ್ದು. ಇದು ಅರ್ಧ. ಇದು ತಳ ಕಾಣೋದು.” ಆಮೇಲೆ ಪ್ರತಿ ಗಡಿಗೆಯೊಳಗೆ ಅಡ್ಡಗೆರೆ ಎಳೆದರು. “ಕಾವು ಇಲ್ಲಿ ಕುಂದ್ರತೈತಿ. ತುಂಬಿದಾಗ ಕಾಳಿನ ಸಂದಿಯಾಗ. ಅರ್ಧ ತೆಗೆದು ಮುಚ್ಚಿದ್ರಿ ಅಂದ್ರ ಇಡೀ ಹೊಟ್ಟಿ ತುಂಬ. ಎರಡನೇ ಸಲ ತೆಗೆಯೋದೈತಲ್ಲ, ಅದು ಕೆಟ್ಟದ್ದು. ನಮ್ಮಪ್ಪ ಹೇಳ್ತಿದ್ದ. ಮಂದಿ ನಂಬಂಗಿಲ್ಲ.”

“ಯಾಕ ನಂಬಂಗಿಲ್ಲ?”

“ಒಮ್ಮಿ ಪೂಜಿ ಆಗೇತಲ್ಲ, ಮತ್ಯಾಕ ದೀಪ ಅಂತಾರ. ಹಗೇವು ಅಂದ್ರ ಹೊಸ ಸೊಸಿ ಇದ್ದಂಗ, ಮೊದಲ ದಿನ ಅಷ್ಟ ಅಂಜಿಕಿ ಅಂತ ತಿಳದಾರ. ನಾಕ ದಿನ ಆದಮ್ಯಾಲ ನೋಡ್ರಿ ಸೊಸಿ ಹೆಂಗಿರ್ತಾಳ ಅಂತ!” ಎಂದು ನಕ್ಕರು.

ನಾನು ಆ ನಾಲ್ಕು ಗಡಿಗೆಗಳನ್ನು ಗೆರೆ ತಪ್ಪದಂತೆ ನನ್ನ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡೆ.

ಆ ಮಾತನ್ನು ಅಳೆದು ನೋಡುವುದೇ ನನ್ನ ಕೆಲಸವಾಯಿತು. ನಾನೂ ಕಾಕಾನೂ ಉದ್ದನೆಯ ಬಿದಿರಿಗೆ ಮೊಳಕ್ಕೊಂದು ಗುರುತು ಹಾಕಿ, ರಬ್ಬರಿನ ಕೊಳವೆ ಕಟ್ಟಿ, ಹಗೇವಿನ ಬೇರೆ ಬೇರೆ ಆಳದಿಂದ ಗಾಳಿ ಎಳೆದು ಫುಟ್‌ಬಾಲಿನ ಬ್ಲ್ಯಾಡರ್‌ಗಳಿಗೆ ತುಂಬುತ್ತಿದ್ದೆವು. ಕಾಲೇಜಿಗೆ ತಂದು, ಅಳೆದ ಗಾಳಿಯನ್ನು ಸುಣ್ಣದ ತಿಳಿನೀರಿನ ಜೊತೆ ಕುಲುಕಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಉಳಿದ ಸುಣ್ಣ ಎಷ್ಟು ಎಂದು ಆಮ್ಲ ಹನಿಸಿ ನೋಡಿದರೆ ಗಾಳಿಯಲ್ಲಿ ಕಾವು ಎಷ್ಟಿತ್ತು ಎಂಬುದು ಸಿಗುತ್ತದೆ. ಬಸ್ಸಿನಲ್ಲಿ ಊದಿದ ಆರು ಬ್ಲ್ಯಾಡರ್ ಮಡಿಲಲ್ಲಿಟ್ಟುಕೊಂಡು ಕೂತರೆ ಕಂಡಕ್ಟರ್ ಬಿಡುತ್ತಿರಲಿಲ್ಲ. “ಮೇಡಂ, ಟೀಮು ಹಿಂದಿನ ಬಸ್ಸಿಗೆ ಬರ್ತೈತೇನ್ರಿ?”

ಮೊದಲ ವರ್ಷ ಕುಡ್ಲಿಗಿ, ಕೊಟ್ಟೂರಿನ ಕಡೆಯ ಹಗೇವುಗಳಲ್ಲಿ ಕಾಕಾ ಹೇಳಿದ್ದೇ ಕಂಡಿತು. ಹಡಗಲಿ ಕಡೆಯವು ಮಾತ್ರ ಸುರಕ್ಷಿತ ಎಂದು ಬಂತು. ನಾನು ಮಣ್ಣಿನ ಗುಣ, ನದಿಯ ತೇವ ಎಂದೆಲ್ಲ ಕಾರಣ ಬರೆಯಲು ಕೂತೆ. ಕಾಕಾ ಕೇಳಿದರು: “ಹಡಗಲಿ ಜ್ವಾಳಕ್ಕ ಮೂಗಿಲ್ಲೇನವ್ವ?” ಆ ಒಂದು ಮಾತಿಗೆ ಮತ್ತೆ ಯೋಚಿಸಿದೆ. ಹಡಗಲಿಯಿಂದ ಬರುವ ಹೊತ್ತಿಗೆ ಬಸ್ಸು ಬದಲಿಸಿ, ಕಾದು, ಅರ್ಧ ದಿನ ಆಗುತ್ತಿತ್ತು. ಅಷ್ಟರೊಳಗೆ ರಬ್ಬರಿನ ಮೂಲಕವೇ ಕಾವು ಸೋರಿಹೋಗುತ್ತಿತ್ತು. ಒಂದು ವರ್ಷದ ಹಡಗಲಿ ಲೆಕ್ಕವನ್ನು ಪೂರಾ ಹೊಡೆದುಹಾಕಿ, ಮುಂದಿನ ಮಳೆಗಾಲಕ್ಕೆ ಗಾಜಿನ ಬಾಟಲಿ, ಕಾವು ಕರಗದಂತೆ ಆಮ್ಲ ಬೆರೆಸಿದ ಉಪ್ಪುನೀರು, ಮೇಣದ ಬಿರಡೆ ಹಿಡಿದು ಮತ್ತೆ ಹೋದೆವು. ಎಲ್ಲ ಕಡೆ ಒಂದೇ ಉತ್ತರ. ಅರ್ಧ ತೆಗೆದು, ಮಳೆ ಬಂತೆಂದು ಮುಚ್ಚಿ, ನಾಲ್ಕೈದು ದಿನದ ಮೇಲೆ ಮತ್ತೆ ತೆಗೆದ ಹಗೇವು ಮೊದಲ ದಿನದ್ದಕ್ಕಿಂತ ಕ್ರೂರವಾಗಿತ್ತು. ಒಳಗೆ ಹೊಕ್ಕ ತೇವಕ್ಕೆ ಕಾಳು ಮತ್ತೆ ಜೀವ ತಳೆದು ಜೋರಾಗಿ ಉಸಿರಾಡುತ್ತಿತ್ತು. ಕಾವು ಭಾರವಾದ್ದರಿಂದ ಖಾಲಿ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಬಾಯಿಯ ಹತ್ತಿರ ದೀಪ ಚೆನ್ನಾಗಿಯೇ ಉರಿಯುತ್ತಿತ್ತು.

ಈ ಎರಡು ವರ್ಷದಲ್ಲಿ ‘ಮೇಡಮ್ಮಾರ’ ಹೋಗಿ ನಾನು ‘ತಂಗೆವ್ವ’ ಆಗಿದ್ದೆ. ‘ನೀವು’ ಹೋಗಿ ‘ನೀನು’ ಬಂದಿತ್ತು.

ಇಂಗ್ಲಿಷಿನಲ್ಲಿ ಲೇಖನ ಬರೆದೆ. ಕಾಕಾನ ನಾಲ್ಕು ಗಡಿಗೆಗಳನ್ನು ಟ್ರೇಸಿಂಗ್ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ತಿದ್ದಿ, ಹೊರದೇಶದ ಒಂದು ಪತ್ರಿಕೆಗೆ ಮೂರು ಪ್ರತಿ ಅಂಚೆಯಲ್ಲಿ ಕಳಿಸಿದೆ. ಎರಡು ಸಲ ತಿದ್ದಲು ಹೇಳಿದರು. ಕೊನೆಗೆ ಒಪ್ಪಿಕೊಂಡರು. ಅಚ್ಚಿನ ಕರಡಿನ ಜೊತೆಗೆ ಒಂದು ಹಾಳೆ ಬಂತು. ಸಣ್ಣ ಅಕ್ಷರ, ಕೆಳಗೆ ಸಹಿಗೆ ಜಾಗ, ತಕ್ಷಣ ವಾಪಸು ಕಳಿಸಬೇಕು ಎಂಬ ಸೂಚನೆ. ಕೊಟ್ಟೂರಿನ ಅಂಚೆ ಕಚೇರಿಯಲ್ಲಿ, ಪಾರ್ಸೆಲ್ ತೂಗುವ ತಕ್ಕಡಿಯ ಪಕ್ಕದಲ್ಲಿ ನಿಂತು, ಓದದೆ ಸಹಿ ಹಾಕಿದೆ. ಅಚ್ಚಾಗುತ್ತದೆ ಎಂಬ ಸಂತೋಷ ಅಷ್ಟಿತ್ತು. ನಮ್ಮ ಕಾಲೇಜಿನಲ್ಲಿ ಅದುವರೆಗೆ ಯಾರ ಲೇಖನವೂ ಕಡಲು ದಾಟಿರಲಿಲ್ಲ.

ಕೆಲವು ತಿಂಗಳ ಮೇಲೆ ಲೇಖನದ ಇಪ್ಪತ್ತೈದು ಬಿಡಿಪ್ರತಿಗಳು ಬಂದವು. ಒಂದನ್ನು ಕಾಕಾನಿಗೆ ಒಯ್ದೆ. ಅವರು ಕೈ ತೊಳೆದು ಬಂದು, ಹಾಳೆ ತಿರುವಿ, ತಮ್ಮ ಗಡಿಗೆಗಳು ಬಂದಲ್ಲಿ ನಿಂತರು. ಬಹಳ ಹೊತ್ತು ನೋಡಿದರು.

“ಚಲೋ ಬಂದೈತಿ. ಆದ್ರ ತಂಗೆವ್ವ, ಇಂಗ್ಲೀಷು ಯಾರು ಓದತಾರ? ಹಗೇವು ಇಳಿಯೋರು ಓದಂಗಿಲ್ಲ, ಓದೋರು ಹಗೇವು ಇಳಿಯಂಗಿಲ್ಲ. ಕನ್ನಡದಾಗ ಒಂದು ಹಾಳಿ ಮಾಡು. ಈ ಚಿತ್ರ ಹಾಕು. ಗಿರಣ್ಯಾಗ ಹಚ್ಚೋಣು, ರೇಷನ್ ಅಂಗಡ್ಯಾಗ ಹಚ್ಚೋಣು.”

ಅದೇ ವಾರ ಕೂತು ಅನುವಾದ ಮಾಡಿದೆ. ಇನ್ನೂರು ಜೆರಾಕ್ಸ್ ಪ್ರತಿ ತೆಗೆಸಿ, ಮೊದಲು ಯಾವ ಊರಿಗೆ ಎಂದು ಪಟ್ಟಿ ಮಾಡಿ, ಕಟ್ಟುಗಳ ಮೇಲೆ ಊರಿನ ಹೆಸರು ಬರೆದೆ. ಬಿಡಿಪ್ರತಿಯ ಮೊದಲ ಪುಟದ ಅಡಿಯಲ್ಲಿದ್ದ ಒಂದು ಸಾಲು ಆಗ ಕಣ್ಣಿಗೆ ಬಿತ್ತು. ಹಕ್ಕುಸ್ವಾಮ್ಯ ಪ್ರಕಾಶಕರದು. ನಾನು ಸಹಿ ಮಾಡಿದ ಹಾಳೆಯ ನಕಲು ತೆಗೆದು ಮೊದಲ ಸಲ ಓದಿದೆ. ಲೇಖನ, ಅದರ ಕೋಷ್ಟಕಗಳು, ಚಿತ್ರಗಳು, ಎಲ್ಲ ಭಾಷೆಯ ಅನುವಾದ, ಎಲ್ಲ ರೂಪದ ಮರುಮುದ್ರಣ, ಹಕ್ಕು ಇರುವಷ್ಟು ಕಾಲವೂ, ಅವರಿಗೆ ಮಾತ್ರ. ಬರೆದವಳಿಗೆ ಉಳಿದದ್ದು ಇಪ್ಪತ್ತೈದು ಪ್ರತಿ.

ಪ್ರಾಂಶುಪಾಲರ ಹತ್ತಿರ ಹೋದೆ. ಒಳ್ಳೆಯ ಮನುಷ್ಯರು, ನನ್ನ ಕೆಲಸಕ್ಕೆ ಪ್ರಯೋಗಾಲಯದ ಬೀಗದ ಕೈಯನ್ನೇ ಕೊಟ್ಟವರು. ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದರು.

“ಮೇಡಂ, ಬರೆದದ್ದು ನೀವು, ಹೌದು. ಬರೆದುಕೊಟ್ಟದ್ದೂ ನೀವ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ರಿ, ಹಂಗ ಇದು. ನಿಮ್ಮ ಪಿಎಚ್.ಡಿ. ನೋಂದಣಿ ಬ್ಯಾರೆ ಬಾಕಿ ಐತಿ. ಒಂದು ಪತ್ರ ಬರೀರಿ, ಅಪ್ಪಣಿ ಬರ್ಲಿ. ಅಲ್ಲೀತನ ಹಂಚಬ್ಯಾಡ್ರಿ.”

ಪತ್ರ ಬರೆದೆ. ಆರು ವಾರದ ಮೇಲೆ ಉತ್ತರ ಬಂತು. ಕೋರಿಕೆಯನ್ನು ಅನುಮತಿ ವಿಭಾಗಕ್ಕೆ ಕಳಿಸಿದ್ದೇವೆ, ತೀರ್ಮಾನವಾಗುವವರೆಗೆ ಅನುವಾದವನ್ನಾಗಲಿ ಚಿತ್ರವನ್ನಾಗಲಿ ವಿತರಿಸಬಾರದು. ಇನ್ನೂರು ಪ್ರತಿಗಳನ್ನು ಆಮ್ಲದ ಬಾಟಲಿಗಳಿದ್ದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಹಾಳೆ ಕೆಡದಿರಲೆಂದು ಕಟ್ಟುಗಳಿಗೆ ಪ್ಲಾಸ್ಟಿಕ್ ಸುತ್ತಿದೆ. ಆ ಎಚ್ಚರಿಕೆ ನೆನೆದರೆ ಈಗ ನಾಚಿಕೆಯಾಗುತ್ತದೆ.

ಪ್ರತಿ ಸಂತೆಯ ದಿನ ಕಾಕಾ ಕಾಲೇಜಿನ ಗೇಟಿಗೆ ಬರುತ್ತಿದ್ದರು.

“ಬಂತೇನವ್ವ ಅಪ್ಪಣಿ?”

“ಬರ್ತೈತಿ ಕಾಕಾ.”

“ನಾ ಬರೆದ ಗಡಿಗಿಗೆ ಅವರು ಯಾರವ್ವ ಅಪ್ಪಣಿ ಕೊಡೋರು? ಅವರೂರಾಗ ಹಗೇವು ಅದಾವೇನು?”

“ಇಲ್ಲ ಕಾಕಾ. ನಾ ಸಹಿ ಮಾಡಿಕೊಟ್ಟೀನಿ.”

“ಹಂಗಾ,” ಎನ್ನುತ್ತಿದ್ದರು. ಸಹಿ ಎಂದರೆ ಅವರಿಗೆ ಬಹಳ ಗೌರವ. ಮತ್ತೆ ಕೆದಕುತ್ತಿರಲಿಲ್ಲ. ಅವರು ಒಮ್ಮೆ ಬೈದಿದ್ದರೆ ನಾನು ಆ ಕಪಾಟು ತೆಗೆಯುತ್ತಿದ್ದೆನೋ ಏನೋ.

ಮಳೆಗಾಲ ಬಂತು. ಮೂರನೆಯ ವರ್ಷದ ಅಳತೆಗೆ ಎಂದು ಕೊಟ್ಟೂರು, ಹರಪನಹಳ್ಳಿಗಳ ನಡುವಿನ ಒಂದು ಹಳ್ಳಿಗೆ ಹೊರಟೆವು. ಐದು ದಿನದ ಹಿಂದೆ ಅರ್ಧ ತೆಗೆದು, ಮಳೆಗೆ ಮುಚ್ಚಿದ ಹಗೇವು ಅಲ್ಲಿತ್ತು. ನಾವು ಬರುವತನಕ ತೆಗೆಯಬೇಡಿ ಎಂದು ಹೇಳಿಕಳಿಸಿದ್ದೆ. ಬಸ್ಸು ಒಂದು ಹಳ್ಳದ ಹತ್ತಿರ ನೀರಿಳಿಯಲೆಂದು ಮುಕ್ಕಾಲು ಗಂಟೆ ನಿಂತಿತು. ಆ ಮುಕ್ಕಾಲು ಗಂಟೆಯನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ. ನಡೆದೇ ಹೋಗಬಹುದಿತ್ತು. ದೂರವಿರಲಿಲ್ಲ. ಬಾಟಲಿಗಳಿದ್ದವು ಎಂದು ಕೂತೆವು.

ನಾವು ಮುಟ್ಟಿದಾಗ ಮಧ್ಯಾಹ್ನ. ಬಂಡೆ ಸರಿದಿತ್ತು. ಮನೆಯ ಹಿರಿಯಾಕೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದರು. ಅವರ ಮಗ ಹಗೇವಿನ ಬಾಯಲ್ಲಿ ಹಗ್ಗ ಹಿಡಿದು ನಿಂತಿದ್ದ. ಕುಡ್ಲಿಗಿ ಕಡೆಯಿಂದ ಬಂದಿದ್ದ ಮನೆಯ ಅಳಿಯ ಆಗತಾನೆ ಒಳಗೆ ಇಳಿದಿದ್ದ. ಕಾಕಾ ಚೀಲ ಕೆಳಗಿಡದೆ ಕೇಳಿದರು:

“ಯವ್ವಾ, ದೀಪ ಬಿಟ್ಟೀರೇನು?”

“ದೀಪ ಮೊನ್ನಿನ ಬಿಟ್ಟೀವಲ್ಲೋ ಯಪ್ಪಾ. ಪೂಜಿ ಆಗೇತಿ, ಕಾಯಿ ಒಡೆದೀವಿ. ದಿನಾ ಪೂಜಿ ಮಾಡಾಕ ಇದೇನು ಗುಡಿಯೇನು?”

ಸುತ್ತ ನಿಂತವರು ನಕ್ಕರು. ಅಷ್ಟರಲ್ಲಿ ಮಗನ ಕೈಯ ಹಗ್ಗ ಸಡಿಲವಾಯಿತು. ಮೊದಲ ಬುಟ್ಟಿ ಮೇಲೆ ಬರಬೇಕಿತ್ತು.

“ಮಾವಾ, ಏ ಮಾವಾ! ತುಂಬಿದೇನು?” ಒಳಗಿನಿಂದ ಸದ್ದಿಲ್ಲ. “ನಮ್ಮ ಅಕ್ಕನ ಗಂಡ ಉಂಡು ಇಳಿದಾನ, ಮಕ್ಕೊಂಡಾನ ನೋಡ್ರಿ,” ಎಂದು ಆತ ನಮ್ಮ ಕಡೆ ತಿರುಗಿ ನಗಾಡಿದ.

ಕಾಕಾ ನಗಲಿಲ್ಲ. ನನ್ನ ಚೀಲದಿಂದ ಬುಡ್ಡಿ ದೀಪ ತೆಗೆದು, ಹಚ್ಚಿ, ಹಗ್ಗಕ್ಕೆ ಕಟ್ಟಿ ಬಿಟ್ಟರು. ಬಾಯಿಯಲ್ಲಿ ದೀಪ ನೆಟ್ಟಗೆ ಉರಿಯಿತು. ಕೊರಳು ದಾಟಿತು, ಉರಿಯಿತು. ಇನ್ನೊಂದು ಮೊಳ ಇಳಿದದ್ದೇ ಯಾರೋ ಬೆರಳಲ್ಲಿ ಹೊಸಕಿದಂತೆ ಆರಿಹೋಯಿತು. ಕತ್ತಲಲ್ಲಿ, ಜೋಳದ ಮೇಲೆ, ಒಂದು ಬಿಳಿ ಬನಿಯನ್ನಿನ ಬೆನ್ನು ಮಾತ್ರ ಕಂಡಿತು.

ಮಗ ಅಂಗಿ ಕಿತ್ತೆಸೆದು ಬಾಯಿಗೆ ಕಾಲಿಟ್ಟ. ಕಾಕಾ ಅವನ ಕಪಾಳಕ್ಕೆ ಹೊಡೆದರು. “ಲೇ, ನೀ ಇಳದ್ರ ಎರಡು ಹೆಣ. ನಿಮ್ಮವ್ವನ ಮುಂದ ಸಾಲಾಗಿ ಮಲಗಸ್ಲೇನು? ಕಂಬಳಿ ತಾ, ಓಡು!”

ಕಂಬಳಿಯ ನಾಲ್ಕು ಮೂಲೆ ಸೇರಿಸಿ ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಎತ್ತಿ ಇಳಿಸಿ, ಎತ್ತಿ ಇಳಿಸಿ, ಬಾವಿಯ ನೀರು ಕಲಕಿದಂತೆ ಗಾಳಿ ಕಲಕಿದರು. ಪೂರ್ತಿ ತೆರವಾಗಲು ಅದು ಗಂಟೆಗಟ್ಟಲೆ ಬೇಕು ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಕೆಲವು ನಿಮಿಷ ಕಲಕಿ ನಿಲ್ಲಿಸಿದರು. ತಮ್ಮ ಕಂಕುಳ ಕೆಳಗೆ ಒಂದು ಹಗ್ಗ ಬಿಗಿದುಕೊಂಡರು. ಇನ್ನೊಂದನ್ನು ಕೈಗೆ ಸುತ್ತಿಕೊಂಡರು.

“ಕಾಕಾ, ಬ್ಯಾಡ.”

“ಉಸುರು ಕಟ್ಟಿ ಇಳೀತೀನವ್ವ. ಅವನ್ನ ಕಟ್ಟಿ ಜಗ್ಗತೀನಿ. ನೀ ಎಣಸು. ಐವತ್ತಕ್ಕ ನಾ ಜಗ್ಗಲಿ ಬಿಡಲಿ, ನನ್ನ ಎಳಿಸಿಬಿಡು.”

ಇಳಿದರು. ನಾನು ಜೋರಾಗಿ ಎಣಿಸಿದೆ. ಹದಿನೈದಕ್ಕೆ ಅವರು ಅಳಿಯನ ಎದೆಗೆ ಹಗ್ಗ ಸುತ್ತುತ್ತಿದ್ದರು. ಇಪ್ಪತ್ತಾರಕ್ಕೆ ಹಗ್ಗ ಅಲುಗಿತು. ನಾಲ್ಕು ಜನ ಎಳೆದರು. ಮೂವತ್ತೈದಕ್ಕೆ ಅಳಿಯ ಹಗೇವಿನ ಕೊರಳಿಗೆ ಬಂದ. ಅಲ್ಲಿ ಸಿಕ್ಕಿಕೊಂಡ. ಪ್ರಜ್ಞೆ ಇದ್ದವನು ಕೈ ಮೇಲೆತ್ತಿ ತೂರಿ ಬರುತ್ತಾನೆ. ಇವನ ಕೈಗಳು ಜೋತುಬಿದ್ದಿದ್ದವು. ಅಗಲವಾದ ಭುಜಗಳು ಬಾಯಿಯ ಕಲ್ಲಿಗೆ ಬಿರಡೆಯ ಹಾಗೆ ಕೂತವು.

ಐವತ್ತು ಆಯಿತು. ಕಾಕಾನ ಹಗ್ಗ ನನ್ನ ಕೈಯಲ್ಲೇ ಇತ್ತು. ಎಳೆಯಲು ದಾರಿ ಇರಲಿಲ್ಲ. ಇದ್ದ ಒಂದೇ ಬಾಯಿ ಮುಚ್ಚಿತ್ತು. ಅಳಿಯನನ್ನು ಮತ್ತೆ ಒಂದಿಷ್ಟು ಕೆಳಗೆ ಬಿಟ್ಟು, ಮೇಲಿನಿಂದಲೇ ಅವನ ಒಂದು ಕೈಗೆ ಕುಣಿಕೆ ಹಾಕಿ ಮೇಲೆತ್ತಿ, ಓರೆ ಮಾಡಿ ಹೊರತೆಗೆಯುವಷ್ಟರಲ್ಲಿ ನಾನು ನೂರ ಎಪ್ಪತ್ತು ಎಣಿಸಿದ್ದೆ. ಕಾಕಾನನ್ನು ಎಳೆದಾಗ ಹಗ್ಗಕ್ಕೆ ಅವರ ಪೂರ್ತಿ ಭಾರ ಬಂತು; ಸಣಕಲು ಮೈ ಬಾಯಿಗೆ ಸಿಕ್ಕಿಕೊಳ್ಳಲಿಲ್ಲ. ಮೇಲೆ ಮಲಗಿಸಿದಾಗ ನನ್ನ ಎಣಿಕೆ ಇನ್ನೂರ ಹತ್ತು. ತುಟಿ ನೇರಳೆ ಬಣ್ಣ. ಎದೆ ಒತ್ತಿದೆ, ಬಾಯಿಗೆ ಬಾಯಿಟ್ಟು ಊದಿದೆ. ಹೆಂಗಸರು ಅಳುವುದನ್ನೂ ಮರೆತು ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಒಂದು ಉಸಿರು ಬಂತು, ಹರಿದ ಬಟ್ಟೆಯನ್ನು ಇನ್ನಷ್ಟು ಹರಿದಂಥ ಸದ್ದು. ಇಬ್ಬರನ್ನೂ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹರಪನಹಳ್ಳಿ ಆಸ್ಪತ್ರೆಗೆ ಓಡಿದೆವು. ಕಲಕಿದ ಗಾಳಿ, ಹರೆಯದ ಮೈ ಅಳಿಯನನ್ನು ಉಳಿಸಿದ್ದವು; ಸಂಜೆಗೆ ಎದ್ದು ಕೂತು ನೀರು ಕೇಳಿದ. ಕಾಕಾ ಕಣ್ಣು ತೆರೆದದ್ದು ಆರನೆಯ ದಿನ.

ಆ ಆರು ದಿನದಲ್ಲಿ ಒಂದು ದಿನ ಬಟ್ಟೆ ಬದಲಿಸಲು ಕೊಟ್ಟೂರಿಗೆ ಬಂದವಳು ಪ್ರಯೋಗಾಲಯಕ್ಕೆ ಹೋಗಿ ಕಪಾಟು ತೆಗೆದೆ. ಮೇಲಿನ ಕಟ್ಟಿನ ಮೇಲೆ ನನ್ನದೇ ಅಕ್ಷರದಲ್ಲಿ ಆ ಹಳ್ಳಿಯ ಹೆಸರಿತ್ತು. ಪಟ್ಟಿಯಲ್ಲಿ ಮೊದಲನೆಯದು. ಕಪಾಟಿಗೆ ಒರಗಿ ನೆಲದ ಮೇಲೆ ಕೂತೆ.

ಎಷ್ಟು ಹೊತ್ತಿನ ಮೇಲೋ ಟಿಪ್ಪಣಿ ಪುಸ್ತಕ ತೆಗೆದೆ. ಎರಡು ವರ್ಷದ ಹಿಂದಿನ ಪುಟದಲ್ಲಿ ಬೇವಿನ ಕಡ್ಡಿಯ ನಾಲ್ಕು ಗಡಿಗೆಗಳಿದ್ದವು, ಒಂದರ ಹೊಟ್ಟೆ ಸೊಟ್ಟಗೆ. ಪತ್ರಿಕೆಯ ಚಿತ್ರದಲ್ಲಿ ಆ ಸೊಟ್ಟನ್ನು ನಾನು ತಿದ್ದಿದ್ದೆ. ಆಗ ಹೊಳೆಯಿತು. ನಾನು ಬರೆದುಕೊಟ್ಟದ್ದು ನನ್ನ ಇಂಗ್ಲಿಷ್ ವಾಕ್ಯಗಳನ್ನು, ಶಾಯಿಯಲ್ಲಿ ತಿದ್ದಿದ ಆ ಚಿತ್ರವನ್ನು. ಹಗೇವಿನೊಳಗೆ ಕಾವು ಹೇಗೆ ಕೂರುತ್ತದೆ ಎಂಬುದು ಯಾರ ಸ್ವತ್ತೂ ಅಲ್ಲ, ಅದನ್ನು ಬರೆದುಕೊಡಲು ನನಗೂ ಬರುವುದಿಲ್ಲ, ಬರೆಸಿಕೊಳ್ಳಲು ಅವರಿಗೂ ಬರುವುದಿಲ್ಲ. ಇನ್ನು ಈ ಪುಟದ ಸೊಟ್ಟ ಗಡಿಗೆಗಳು ಎಂದೂ ನನ್ನವಾಗಿರಲೇ ಇಲ್ಲ. ಅನುವಾದ ಮಾಡದೆ, ಟಿಪ್ಪಣಿಯಿಂದಲೇ ಹೊಸದಾಗಿ ಬರೆದರೆ ಯಾರನ್ನೂ ಕೇಳಬೇಕಿರಲಿಲ್ಲ. ಆರು ತಿಂಗಳ ಹಿಂದೆಯೇ ಬರೆಯಬಹುದಿತ್ತು. ನನಗೆ ಯಾರೂ ಹೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಅಪ್ಪಣೆ ಬರಲಿ ಎಂದು ಕಾಯುವುದು ಸುಲಭವಾಗಿತ್ತು.

ಇನ್ನೂರು ಪ್ರತಿಗಳನ್ನು ಅಲ್ಲೇ ಬಿಟ್ಟು ಹೊಸ ಹಾಳೆ ತೆಗೆದುಕೊಂಡೆ. ಸಣ್ಣ ಸಣ್ಣ ವಾಕ್ಯ. ಹಗೇವು ಎಷ್ಟನೇ ಸಲ ತೆಗೆದರೂ ದೀಪ ಬಿಡಿ. ಬಾಯಿಯಲ್ಲಿ ಅಲ್ಲ, ಕಾಳು ಮುಟ್ಟುವವರೆಗೆ ಬಿಡಿ. ಆರಿದರೆ ಇಳಿಯಬೇಡಿ. ಒಬ್ಬ ಬಿದ್ದರೆ ಇನ್ನೊಬ್ಬ ಹಾರಬೇಡಿ. ಇಳಿಯುವವನು ಮೊದಲೇ ಒಂದು ಕೈಗೆ ಕುಣಿಕೆ ಹಾಕಿಕೊಂಡಿರಲಿ. ಈ ಕೊನೆಯ ಮಾತು ಪತ್ರಿಕೆಯ ಲೇಖನದಲ್ಲಿ ಇರಲಿಲ್ಲ. ಅದನ್ನು ನಾನು ಕಲಿತದ್ದು ಐವತ್ತಕ್ಕೂ ಇನ್ನೂರ ಹತ್ತಕ್ಕೂ ನಡುವೆ. ಕೆಳಗೆ ಸೊಟ್ಟ ಗಡಿಗೆಗಳನ್ನು ಇದ್ದ ಹಾಗೇ ಇಳಿಸಿ, ಚಿತ್ರ ಬರೆದವರು ಎಂದು ಕಾಕಾನ ಹೆಸರು ಬರೆದೆ. ಎಲ್ಲಕ್ಕಿಂತ ಕೊನೆಗೆ: ‘ಇದನ್ನು ಯಾರು ಬೇಕಾದರೂ ನಕಲು ಮಾಡಬಹುದು, ಓದಿ ಹೇಳಬಹುದು, ಗೋಡೆಗೆ ಬರೆಯಬಹುದು. ಯಾರನ್ನೂ ಕೇಳಬೇಕಿಲ್ಲ.’

ಪ್ರಾಂಶುಪಾಲರಿಗೆ ತೋರಿಸಿದೆ. ಓದಿ, ನನ್ನ ಮುಖ ನೋಡಿದರು.

“ಸರ್, ಕೊಟ್ಟ ಹೆಣ್ಣೂ ಹಬ್ಬಕ್ಕ ತವರಿಗೆ ಬರ್ತಾಳ. ಇದು ಆ ಹೆಣ್ಣೂ ಅಲ್ಲ.”

ಅವರು ಕಾಲೇಜಿನ ಜೆರಾಕ್ಸ್ ಯಂತ್ರದ ಬೀಗದ ಕೈ ನನ್ನ ಮುಂದಿಟ್ಟರು. “ಕಾಗದ ಸಾಲದಿದ್ರ ಹೇಳ್ರಿ,” ಎಂದರು.

ಗುಡೇಕೋಟೆಯಿಂದ ಹಡಗಲಿಯವರೆಗೆ, ಗಿರಣಿ, ರೇಷನ್ ಅಂಗಡಿ, ಬಸ್ ನಿಲ್ದಾಣ, ಶಾಲೆಯ ಗೋಡೆ, ಎಲ್ಲ ಕಡೆ ಅಂಟಿಸಿದೆ. ಎಷ್ಟೋ ಊರಲ್ಲಿ ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಗಡಿಗೆಗಳನ್ನು ಬರೆದುಕೊಂಡರು. ಒಂದೂರಿನಲ್ಲಿ ಐದನೆಯ ಗಡಿಗೆಯನ್ನೂ ಸೇರಿಸಿದ್ದರು, ಅದರಲ್ಲಿ ನಗುವ ಮುಖ. ಯಾರನ್ನೂ ಕೇಳಿರಲಿಲ್ಲ. ಅದನ್ನು ನೋಡಿ ಬಹಳ ದಿನದ ಮೇಲೆ ನಕ್ಕೆ. ಅಪ್ಪಣೆಯ ಪತ್ರ ಸುಗ್ಗಿಯ ಹೊತ್ತಿಗೆ ಬಂತು. ಒಂದು ಸಲದ ಮುದ್ರಣಕ್ಕೆ ಒಪ್ಪಿದ್ದರು, ಚಿತ್ರದ ಕೆಳಗೆ ಅವರ ಹೆಸರು ಹಾಕಬೇಕಿತ್ತು. ಮಡಿಚಿ ಫೈಲಿಗೆ ಸೇರಿಸಿದೆ. ಉತ್ತರ ಬರೆಯಲಿಲ್ಲ.

ಕೆಲವು ವರ್ಷದ ಮೇಲೆ ಹಗರಿಬೊಮ್ಮನಹಳ್ಳಿಯಲ್ಲಿ ಇಂಟರ್ನೆಟ್ ಅಂಗಡಿ ಬಂತು. ಕುತೂಹಲಕ್ಕೆ ನನ್ನ ಮೊದಲ ಲೇಖನ ಹುಡುಕಿದೆ. ಶೀರ್ಷಿಕೆ, ನನ್ನ ಹೆಸರು, ನಾಲ್ಕು ಸಾಲು ಸಾರಾಂಶ ಬಂತು. ಮುಂದಿನದಕ್ಕೆ ಬಾಗಿಲು ಹಾಕಿತ್ತು. ನಾನು ಬರೆದದ್ದನ್ನು ಓದಲು ನನ್ನನ್ನೇ ಹಣ ಕೇಳಿತು. ಆ ಹೊತ್ತಿಗೆ ಮುಕ್ತವಾಗಿ ಪ್ರಕಟಿಸುವ ಪತ್ರಿಕೆಗಳು ಹುಟ್ಟಿದ್ದವು. ಲೇಖನದ ಹಕ್ಕು ಬರೆದವರಲ್ಲೇ ಉಳಿಯುತ್ತದೆ, ಮೊದಲು ಪ್ರಕಟಿಸುವ ಅನುಮತಿ ಮಾತ್ರ ನಮಗೆ ಸಾಕು ಎನ್ನುವಂಥವು. ಕೈಯ ಕುಣಿಕೆಯ ಸಂಗತಿಯನ್ನೂ ಮೂರು ವರ್ಷದ ಅಳತೆಯನ್ನೂ ಸೇರಿಸಿ ಎರಡನೆಯ ಲೇಖನ ಬರೆದು ಅಂಥದೊಂದಕ್ಕೆ ಕಳಿಸಿದೆ. ಈ ಸಲ ಫಾರಂ ಬಂದಾಗ ಎರಡು ದಿನ ಇಟ್ಟುಕೊಂಡು, ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಲೇಖಕರ ಜಾಗದಲ್ಲಿ ಎರಡು ಹೆಸರು ಬರೆದೆ. ಚಿತ್ರ ಸೊಟ್ಟಗೇ ಇತ್ತು. ಕೊನೆಯಲ್ಲಿ ಕನ್ನಡದ ಹಾಳೆಯನ್ನೂ ಹಾಗೆಯೇ ಸೇರಿಸಲು ಕೇಳಿದೆ, ಸೇರಿಸಿದರು. ಅದು ಈಗಲೂ ತೆರೆದೇ ಇದೆ.

ಕಾಕಾ ಬದುಕಿದ್ದರು. ನಡೆಯುತ್ತಿದ್ದರು, ಉಣ್ಣುತ್ತಿದ್ದರು, ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಆದರೆ ಆ ಮಧ್ಯಾಹ್ನ, ಅದರ ಹಿಂದಿನ ಕೆಲವು ವರ್ಷ, ಕಲಿತ ಕಸುಬು, ಎಲ್ಲ ಅವರ ನೆನಪಿನಿಂದ ಹೋಗಿತ್ತು. ನಾನು ಹೋದಾಗಲೆಲ್ಲ ಮರ್ಯಾದೆಯಿಂದ ಎದ್ದು ನಿಂತು, “ಬರ್ರಿ ಮೇಡಮ್ಮಾರ, ಯಾವೂರಿಂದ ಬಂದ್ರಿ?” ಎನ್ನುತ್ತಿದ್ದರು. ತಂಗೆವ್ವ ಎಂಬ ಕರೆ ನನಗೆ ಮತ್ತೆ ಸಿಗಲಿಲ್ಲ. ನಾನು ಈ ಜನ್ಮದಲ್ಲಿ ಏನಾದರೂ ವಾಪಸು ಕೇಳಬಹುದಾಗಿದ್ದರೆ ಅದೊಂದನ್ನೇ ಕೇಳುತ್ತಿದ್ದೆ.

ಹಾಳೆಯನ್ನು ಅವರಿಗೆ ತೋರಿಸುವ ಧೈರ್ಯ ಅಷ್ಟು ವರ್ಷ ಬಂದಿರಲಿಲ್ಲ. ಎರಡನೆಯ ಲೇಖನ ಬಂದ ವಾರ ಇಂಟರ್ನೆಟ್ ಅಂಗಡಿಯಲ್ಲಿ ಕೊನೆಯ ಪುಟದ ಒಂದು ಪ್ರತಿ ತೆಗೆಸಿಕೊಂಡು ಹೋದೆ. ಅದೇ ಬೇವಿನ ಮರದ ಕೆಳಗೆ ಕೂತಿದ್ದರು. ಕೊಟ್ಟೆ. ಕೈ ತೊಳೆದು ಬಂದು ತೆಗೆದುಕೊಂಡರು. ಆ ಅಭ್ಯಾಸ ಹೋಗಿರಲಿಲ್ಲ. ಗಡಿಗೆಗಳ ಮೇಲೆ ಬೆರಳಾಡಿಸಿದರು. ಸೊಟ್ಟ ಹೊಟ್ಟೆಯ ಮೇಲೆ ಬೆರಳು ಒಂದು ಕ್ಷಣ ನಿಂತಿತು.

“ಚಲೋ ಬರದಾರ್ರಿ. ತಿಳಿದ ಮನುಷ್ಯಾನ ಬರದಾನ ಇದನ್ನ. ಯಾರು ಬರದದ್ದು?”

“ನೀವ, ಕಾಕಾ.”

ನನ್ನನ್ನು ದಿಟ್ಟಿಸಿ ನೋಡಿದರು. ದೊಡ್ಡವರು ಸುಳ್ಳು ಹೇಳಿದಾಗ ಮಕ್ಕಳು ನೋಡುವ ಹಾಗೆ. ಆಮೇಲೆ ಹಾಳೆಯತ್ತ ತಿರುಗಿ, ಸ್ವಲ್ಪ ಸಂಕೋಚದಿಂದ ಕೇಳಿದರು:

“ಇದನ್ನ ನಾ ಇಟ್ಕೊಳ್ಳಲೇನ್ರಿ ಮೇಡಮ್ಮಾರ?”

ನಾನು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. ಅವರು ಬಗ್ಗಿ, ತುಟಿ ಅಲುಗಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದಿದರು.

“ಯಾ-ರ-ನ್ನೂ... ಕೇ-ಳ-ಬೇ-ಕಿ-ಲ್ಲ.”

ಓದಿ ಮುಗಿಸಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.